ಕೀಲಿಮಣೆ ಮತ್ತು ಕಿವಿ

ಬೆಳಗಿನ ಪ್ರದೇಶ ಸಮಾಚಾರವನ್ನು ಕೇಳುತ್ತ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ವಾರ್ತಾವಾಚಕರು ಯಾವುದೋ ಊರಿನ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಕುಕ್ಕರು ಸಿಳ್ಳು ಹಾಕಿತು; ಹೆಸರು ಆ ಸಿಳ್ಳಿನಲ್ಲಿ ಮುಳುಗಿಹೋಯಿತು. ಈಗೇನು ಮಾಡುವಿರಿ? "ಸ್ವಾಮಿ, ಅದೊಂದು ಹೆಸರು ಇನ್ನೊಮ್ಮೆ ಹೇಳಿ" ಎಂದು ರೇಡಿಯೋ ಪೆಟ್ಟಿಗೆಯನ್ನು ಬೇಡಿಕೊಂಡರೆ ಅದು ಆಗಲೇ ಮುಂದಿನ ಸುದ್ದಿಗೆ ಹೋಗಿರುತ್ತದೆ. ಪುಸ್ತಕದ ಮಾತು ಹಾಗಲ್ಲ. ಓದುವ ಕಣ್ಣು ಬೇಕೆಂದರೆ ಹಿಂದಿನ ಸಾಲಿಗೆ ಹೊರಳುತ್ತದೆ, ಬೇಸರವಾದರೆ ಒಂದು ಪುಟವನ್ನೇ ಹಾರಿಸುತ್ತದೆ, ಅವಸರವಿದ್ದರೆ ತಲೆಬರಹಗಳನ್ನಷ್ಟೇ ಆರಿಸಿ ನೋಡುತ್ತದೆ. ಕೇಳುವವನು ಹೇಳುವವನ ಅಧೀನ, ಓದುವವನು ಸ್ವತಂತ್ರ.

ಕಣ್ಣಿಲ್ಲದವರು ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ ಎಂದು ಕೇಳಿದರೆ, "ಅದು ಮಾತಾಡುತ್ತದಂತೆ" ಎಂದು ಹೇಳಿ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತಾರೆ. ನಾನೂ ಅನೇಕ ವರ್ಷ ಹಾಗೆಯೇ ಸುಮ್ಮನಿದ್ದವನು. ಮಾತಾಡುವುದು ಅದರ ಅರ್ಧ ಮಾತ್ರ, ಅದೂ ಸುಲಭದ ಅರ್ಧ. ಆ ಮಾತನ್ನು ಹಿಡಿದು ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, ಒಂದೊಂದೇ ಅಕ್ಷರವಾಗಿ ಬಿಡಿಸುವುದು, ಬೇಕಾದ ಕಡೆಗೆ ನೆಗೆಸುವುದು – ಈ ಒಡೆತನ ಕೈಗೆ ಬಂದಾಗಲೇ ಕೇಳುವವನು ಓದುವವನಾಗುವುದು. ಆ ಒಡೆತನವಿರುವುದು ಕೀಲಿಮಣೆಯಲ್ಲಿ. ಅದು ಬಂದ ಬಗೆಯನ್ನು ತಮ್ಮೆದುರು ಇಡಬೇಕೆಂದು ಈ ಬರಹ.

ಮೊದಲಿಗೆ ಒಂದು ಸೋಜಿಗ. ಕೀಲಿಮಣೆಯೆಂಬುದು ಕಣ್ಣುಳ್ಳವರು ತಮಗಾಗಿ ಮಾಡಿಕೊಂಡು, ಆಮೇಲೆ ಅಂಧರಿಗೆ ಕರುಣೆಯಿಂದ ಕೊಟ್ಟ ವಸ್ತುವಲ್ಲ. 1808ರ ಸುಮಾರಿಗೆ ಇಟಲಿಯಲ್ಲಿ ಪೆಲ್ಲೆಗ್ರಿನೋ ತುರ್ರಿ ಎಂಬಾತ, ದೃಷ್ಟಿ ಕಳೆದುಕೊಂಡಿದ್ದ ಕರೋಲಿನಾ ಫಾಂತೋನಿ ಎಂಬ ಶ್ರೀಮಂತ ಮಹಿಳೆಗಾಗಿ, ಪರರ ಕೈಯಲ್ಲಿ ಬರೆಯಿಸದೆ ತಾನೇ ಪತ್ರ ಬರೆದುಕೊಳ್ಳಲು ಒಂದು ಯಂತ್ರ ಮಾಡಿಕೊಟ್ಟನು. ಸ್ನೇಹವೋ ಪ್ರೇಮವೋ, ಅದು ನಮಗೆ ಬೇಡದ ವಿಚಾರ. ಯಂತ್ರ ಉಳಿದಿಲ್ಲ, ಆಕೆ ಅದರಲ್ಲಿ ಅಚ್ಚಿಸಿದ ಕೆಲವು ಪತ್ರಗಳು ಉಳಿದಿವೆ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಷೋಲ್ಸ್‌ನ ಹೆಸರಾಂತ ಬೆರಳಚ್ಚು ಯಂತ್ರ 1874ರದು. ಅಂದರೆ ಕಚೇರಿಯ ಗುಮಾಸ್ತರಿಗೆ ಕೀಲಿಮಣೆ ದೊರೆಯುವ ಆರೇಳು ದಶಕ ಮೊದಲೇ ಒಬ್ಬ ಅಂಧ ಮಹಿಳೆಯ ಬೆರಳುಗಳು ಅಂಥದೊಂದರ ಮೇಲೆ ಓಡಾಡಿದ್ದವು.

ಇಲ್ಲಿಂದ ಮುಂದೆ ಎರಡು ದಾರಿಗಳು. ಒಂದು ಬ್ರೈಲ್ ಲಿಪಿಯದು. ಲೂಯಿ ಬ್ರೈಲನ ಆರು ಚುಕ್ಕೆಗಳ ಬರವಣಿಗೆ 1829ರಲ್ಲಿ ಪುಸ್ತಕವಾಗಿ ಹೊರಬಿತ್ತು. 1892ರಲ್ಲಿ ಅಮೆರಿಕೆಯ ಇಲಿನಾಯ್ ಸಂಸ್ಥಾನದ ಅಂಧರ ಶಾಲೆಯ ಮುಖ್ಯಸ್ಥ ಫ್ರಾಂಕ್ ಹಾಲ್ ಆ ಆರು ಚುಕ್ಕೆಗಳಿಗೆ ಆರೇ ಕೀಲಿಗಳ ಯಂತ್ರ ಮಾಡಿದನು. ನಮ್ಮ ದೇಶದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ನೆಲೆಗೊಂಡದ್ದು 1951ರಲ್ಲಿ. ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಅಲ್ಲಿ ಒಂದೇ ಚುಕ್ಕೆಗಳು. ಇನ್ನೊಂದು ದಾರಿ ಸಾಧಾರಣ ಬೆರಳಚ್ಚಿನದು. ಹೆಲನ್ ಕೆಲ್ಲರ್ ಕಾಲೇಜಿನಲ್ಲಿ ಈ ಎರಡು ದಾರಿಗಳನ್ನೂ ಬಳಸಿದರು. ಆದರೆ ಬೆರಳಚ್ಚಿನಲ್ಲಿ ಒಂದು ಕೊರತೆ ಉಳಿದಿತ್ತು: ಅಂಧರು ಬರೆಯಬಹುದು, ಬರೆದದ್ದನ್ನು ತಾವೇ ಓದಲಾಗದು. ರಿಬ್ಬನ್ನಿನ ಮಸಿ ಮುಗಿದುಹೋಗಿದ್ದರೆ ಹತ್ತು ಹಾಳೆ ಬರೆದ ಮೇಲೂ ಅವರಿಗೆ ಅದು ತಿಳಿಯದು.

ಈ ಕೊರತೆ ನೀಗಿದ್ದು ಕಂಪ್ಯೂಟರು ಬಂದ ಮೇಲೆ. ಅಮೆರಿಕೆಯ ಐಬಿಎಂ ಸಂಶೋಧನಾಲಯದಲ್ಲಿ ಜಿಮ್ ಥ್ಯಾಚರ್ ಎಂಬ ಗಣಿತಜ್ಞರಿದ್ದರು. ಅವರಿಗೆ ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧದ ಮಾರ್ಗದರ್ಶಕರಾಗಿದ್ದ ಜೆಸ್ಸಿ ರೈಟ್ ಮುಂದೆ ಅದೇ ಸಂಸ್ಥೆಯಲ್ಲಿ ಸಹೋದ್ಯೋಗಿಯಾದರು, ರೈಟ್ ಅಂಧರು. ಗುರುವಿಗಾಗಿ ಶಿಷ್ಯ, ಶಿಷ್ಯನೊಡನೆ ಗುರು – ಹೀಗೆ ಇಬ್ಬರೂ ಸೇರಿ 1980ರ ದಶಕದ ನಡುವಿನಲ್ಲಿ ಕಂಪ್ಯೂಟರಿನ ತೆರೆಯ ಮೇಲಿನ ಬರಹವನ್ನು ಧ್ವನಿಯಲ್ಲಿ ಓದಿಸುವ ಕ್ರಮವಿಧಿಯೊಂದನ್ನು ಸಿದ್ಧಪಡಿಸಿದರು. ಸಂಸ್ಥೆ ಅದಕ್ಕಿಟ್ಟ ಹೆಸರು 'ಸ್ಕ್ರೀನ್ ರೀಡರ್'. ಆ ಒಂದು ಸರಕಿನ ಹೆಸರೇ ಈಗ ಆ ಜಾತಿಯ ಎಲ್ಲಕ್ಕೂ ಸಾಮಾನ್ಯನಾಮವಾಗಿದೆ. ಅಂಕಿತನಾಮ ರೂಢನಾಮವಾಗುವುದಕ್ಕೆ ತರಗತಿಯಲ್ಲಿ ಕೊಡಬಹುದಾದ ಒಳ್ಳೆಯ ಉದಾಹರಣೆ. 'ಪರದೆವಾಚಕ' ಎಂದು ಕನ್ನಡಿಸಲು ನನ್ನಂಥ ಪಂಡಿತರಿಗೆ ಬಾಯಿ ತುರಿಸುವುದು ಸಹಜ. ಆದರೆ ದಿನವೂ ಅದರೊಡನೆ ಬಾಳುವವರು ಸ್ಕ್ರೀನ್ ರೀಡರ್ ಎಂದೇ ಅನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತೇನೆ.

ಆಗ ಎದುರಾದ ತೊಡಕನ್ನು ಸ್ವಲ್ಪ ಗಮನಿಸಬೇಕು. ಪತ್ರ ಬರೆಯುವ ಕ್ರಮವಿಧಿಗೂ ಕೀಲಿಗಳು ಬೇಕು, ಓದಿಸುವ ಕ್ರಮವಿಧಿಗೂ ಕೀಲಿಗಳು ಬೇಕು. ಇರುವ ಕೀಲಿಮಣೆ ಒಂದೇ. ಒಂದೇ ಆಳಿಗೆ ಇಬ್ಬರು ಒಡೆಯರು! ಒತ್ತಿದ ಕೀಲಿ ಯಾರಿಗೆ ಸೇರತಕ್ಕದ್ದು? ಥ್ಯಾಚರ್ ಹುಡುಕಿದ ಉಪಾಯ 18 ಕೀಲಿಗಳ ಬೇರೆಯೇ ಒಂದು ಪುಟ್ಟ ಮಣೆ: ಬರೆಯುವುದು ಇದರಲ್ಲಿ, ಓದಿಸುವುದು ಅದರಲ್ಲಿ. ಮುಂದೆ ಬಂದವರಲ್ಲಿ ಹಲವರು ಇನ್ನೂ ಸರಳವಾದ ದಾರಿ ಹಿಡಿದರು. ಸಾಮಾನ್ಯವಾಗಿ ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿರುವ 'ಇನ್ಸರ್ಟ್' ಎಂಬ ಕೀಲಿಯಿದೆಯಲ್ಲ, ಅದನ್ನು ಹಿಡಿದುಕೊಂಡು ಬೇರೆ ಕೀಲಿ ಒತ್ತಿದರೆ ಅದು ಓದುಗನಿಗೆ ಆಜ್ಞೆ. ಅದನ್ನು ಬಿಟ್ಟು ಒತ್ತಿದರೆ ಎಂದಿನ ಬರವಣಿಗೆ.

ಈ ದಾರಿಯಲ್ಲಿ ಹೆಸರು ಮಾಡಿದವರು ಟೆಡ್ ಹೆಂಟರ್. ಈತ ಮೋಟಾರ್ ಸೈಕಲ್ ಪಂದ್ಯಗಳ ಸವಾರ. 1978ರಲ್ಲಿ ಕಾರಿನ ಅಪಘಾತವೊಂದರಲ್ಲಿ ಕಣ್ಣು ಕಳೆದುಕೊಂಡರು. ಆಮೇಲೆ ಕಂಪ್ಯೂಟರ್ ವಿದ್ಯೆ ಕಲಿತು, 1987ರಲ್ಲಿ ಬಿಲ್ ಜಾಯ್ಸ್ ಎಂಬವರೊಡನೆ ಕೂಡಿ ಸಂಸ್ಥೆ ಕಟ್ಟಿ, 1989ರಲ್ಲಿ 'ಜಾಸ್' ಎಂಬ ಸ್ಕ್ರೀನ್ ರೀಡರನ್ನು ಹೊರತಂದರು. ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿದ ಹೆಸರು ಅದು. ಆ ನಾಲ್ಕರಲ್ಲಿ ಮೊದಲನೆಯದು 'ಉದ್ಯೋಗ' ಎಂಬರ್ಥದ ಪದ. ಉದ್ಯೋಗವೇ ಏಕೆ ಮೊದಲು ಬಂತೆಂಬುದು ಮುಂದಿನ ಕಥೆಯಿಂದ ತಿಳಿಯುತ್ತದೆ.

ಆ ಕಾಲದ ಕಂಪ್ಯೂಟರಿನ ತೆರೆಯೆಂದರೆ ಸಾಮಾನ್ಯವಾಗಿ ಸಾಲಿಗೆ 80 ಅಕ್ಷರಗಳಂತೆ 25 ಸಾಲು. ಯಾವ ಸ್ಥಾನದಲ್ಲಿ ಯಾವ ಅಕ್ಷರವಿದೆಯೆಂಬುದು ಯಂತ್ರದ ನೆನಪಿನಲ್ಲಿ ಸಂಕೇತವಾಗಿ ಇರುತ್ತಿತ್ತು. ಸ್ಕ್ರೀನ್ ರೀಡರು ಅದನ್ನು ಎತ್ತಿ ಓದಿದರಾಯಿತು. ಹಾಗಾಗಿ ಆ ಕೆಲವು ವರ್ಷಗಳಲ್ಲಿ ಕಣ್ಣುಳ್ಳ ಗುಮಾಸ್ತನಿಗೂ ಕಣ್ಣಿಲ್ಲದ ಗುಮಾಸ್ತನಿಗೂ ನಡುವಿನ ಅಂತರ ಹಿಂದೆಂದೂ ಇಲ್ಲದಷ್ಟು ಕಿರಿದಾಗಿತ್ತು. ಅಷ್ಟರಲ್ಲಿ ಚಿತ್ರಗಳು ಬಂದವು. 1984ರಲ್ಲಿ ಮ್ಯಾಕಿಂಟಾಷ್, 1990ರಲ್ಲಿ ವಿಂಡೋಸಿನ ಮೂರನೆಯ ಆವೃತ್ತಿ. ತೆರೆಯ ತುಂಬ ಪುಟ್ಟ ಪುಟ್ಟ ಚಿತ್ರಗಳು. ಕೈಯಲ್ಲಿ ಇಲಿಯಂತೆ ಹರಿದಾಡುವ ಮೌಸ್. ನೋಡು, ಗುರಿಯಿಡು, ಒತ್ತು! ನಮ್ಮನಿಮ್ಮಂಥವರಿಗೆ ಇದರಿಂದ ಕಂಪ್ಯೂಟರು ಮಕ್ಕಳಾಟವಾಯಿತು. ಅಂಧರಿಗೆ ಆಗತಾನೆ ತೆರೆದಿದ್ದ ಬಾಗಿಲು ಮುಖದ ಮೇಲೆ ಮುಚ್ಚಿತು. ಅಕ್ಷರ ಕೂಡ ಈಗ ಸಂಕೇತವಲ್ಲ, ಚುಕ್ಕೆಗಳಿಂದ ಬಿಡಿಸಿದ ಚಿತ್ರ. ಗೋಡೆಯ ಮೇಲೆ ಬರೆದದ್ದರ ಫೋಟೋ ಹಿಡಿದುಕೊಂಡು 'ಇದರಲ್ಲೇನಿದೆ?' ಎಂದು ಯಂತ್ರವನ್ನು ಕೇಳಿದಂತೆ. ಕಚೇರಿಗಳು ಹೊಸ ಕಂಪ್ಯೂಟರು ತರಿಸಿದಂತೆಲ್ಲ ಹಳೆಯದರಲ್ಲಿ ನುರಿತ ಅಂಧ ನೌಕರರಿಗೆ ಕೆಲಸದ ಚಿಂತೆ ಹಿಡಿಯಿತು.

ಇದಕ್ಕೆ ಕಂಡುಕೊಂಡ ಪರಿಹಾರ ಬಲು ಚಮತ್ಕಾರದ್ದು. ಮ್ಯಾಕಿಂಟಾಷಿಗೆ 1989ರಲ್ಲಿಯೇ 'ಔಟ್‌ಸ್ಪೋಕನ್' ಎಂಬ ಓದುಗ ಬಂದಿತ್ತು. ಐಬಿಎಂನ ರಿಚ್ ಶ್ವೆರ್ಟ್‌ಫೆಗರ್ 1991ರಲ್ಲಿ ಪತ್ರಿಕೆಯೊಂದರಲ್ಲಿ ಈ ಉಪಾಯವನ್ನು ವಿವರಿಸಿ ಬರೆದರು. ಅರಮನೆಯಲ್ಲಿ ಚಿತ್ರಗಾರನೊಬ್ಬನಿದ್ದಾನೆ ಎನ್ನೋಣ. ಮುಗಿದ ಚಿತ್ರವನ್ನು ನೋಡಿ ತಿಳಿಯುವ ಶಕ್ತಿ ನಮ್ಮ ಕರಣಿಕನಿಗೆ ಇಲ್ಲ. ಆದರೆ "ಇಲ್ಲಿ 'ಉಳಿಸು' ಎಂಬ ಪದ ಬರೆ, ಅದರ ಸುತ್ತ ಗೆರೆ ಹಾಕು" ಎಂದು ಚಿತ್ರಗಾರನಿಗೆ ಅಪ್ಪಣೆಯಾಗುತ್ತದಲ್ಲ, ಬಾಗಿಲ ಹಿಂದೆ ನಿಂತು ಆ ಅಪ್ಪಣೆಯನ್ನೇ ಕೇಳಿಸಿಕೊಂಡು ತನ್ನ ಕಡತದಲ್ಲಿ ಬರೆದಿಟ್ಟುಕೊಂಡರೆ? ಸ್ಕ್ರೀನ್ ರೀಡರು ಮಾಡಿದ್ದು ಅದನ್ನೇ. ತೆರೆಯ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ತೆರೆ, ಬರಿಯ ಮಾತುಗಳದು, ನಿರ್ಮಾಣವಾಯಿತು. ವಿಂಡೋಸಿಗೆ ಹೊಂದುವ 'ಜಾಸ್' 1995ರ ಜನವರಿಯಲ್ಲಿ ಬಂತು.

ಓದುವುದಾಯಿತು, ಮೌಸಿಲ್ಲದೆ ನಡೆಯುವುದು ಹೇಗೆ? ಇಲ್ಲಿ ಕಣ್ಣುಳ್ಳವರಿಗೆಂದೇ ಮಾಡಿದ್ದೊಂದು ಅಂಧರ ಪಾಲಿಗೆ ಸೇತುವೆಯಾಯಿತು. ಐಬಿಎಂ 1987ರಲ್ಲಿ, ಯಾವ ಕ್ರಮವಿಧಿಯಲ್ಲಾದರೂ ಒಂದು ಕೀಲಿಗೆ ಒಂದೇ ಅರ್ಥವಿರಬೇಕೆಂದು ನಿಯಮಾವಳಿ ಹೊರಡಿಸಿತ್ತು. ಸಹಾಯಕ್ಕೆ ಎಫ್ 1, ಕಿಟಕಿ ಮುಚ್ಚಲು ಆಲ್ಟ್ ಹಿಡಿದು ಎಫ್ 4 – ಇವೆಲ್ಲ ಅಲ್ಲಿಂದ ಬಂದವು. ಚಿತ್ರ ಬಂದ ಮೇಲೂ ಈ ಕೀಲಿಗಳನ್ನು ಕಿತ್ತುಹಾಕಲಿಲ್ಲ. ಅವಸರದ ಗುಮಾಸ್ತನಿಗೆ ಅವು ಒಳದಾರಿ, ಅಂಧರಿಗೆ ಹೆದ್ದಾರಿ.

ಈ ಆಜ್ಞೆಗಳ ಸೊಗಸನ್ನು ನಾನು ಕಣ್ಣಾರೆ ಕಂಡದ್ದು ನನ್ನ ಹಳೆಯ ಶಿಷ್ಯನೊಬ್ಬನಿಂದ. ಈಗವನು ಬ್ಯಾಂಕೊಂದರಲ್ಲಿ ಗುಮಾಸ್ತ. ಕೆಲಸದ ಜತೆಗೆ ಖಾಸಗಿಯಾಗಿ ಕನ್ನಡ ಎಂ.ಎ.ಗೆ ಕಟ್ಟಿದ್ದ. ಹುಟ್ಟಿನಿಂದ ದೃಷ್ಟಿಯಿಲ್ಲ. ಪರೀಕ್ಷೆಗೆ ಎರಡು ತಿಂಗಳಿರುವಾಗ ನಮ್ಮ ಮನೆಗೆ ಬಂದ. ತೊಡೆಯ ಮೇಲಿಟ್ಟುಕೊಳ್ಳುವ ಕಂಪ್ಯೂಟರು ತಂದಿದ್ದ; ಅದರ ತೆರೆಯ ಬೆಳಕನ್ನು ಪೂರ್ತಿ ಇಳಿಸಿದ್ದರಿಂದ ಅದು ಕಪ್ಪು ಹಲಗೆಯಂತಿತ್ತು. "ಇದು ಕೆಟ್ಟಿದೆಯಲ್ಲಪ್ಪ" ಎಂದೆ. "ಇಲ್ಲ ಸಾರ್, ಬೆಳಕಿನಿಂದ ನನಗೇನು? ಸುಮ್ಮನೆ ಬ್ಯಾಟರಿ ದಂಡ" ಎಂದು ನಕ್ಕ.

ಅವನು ಬಳಸುವುದು 'ಎನ್‌ವಿಡಿಎ' ಎಂಬ ಸ್ಕ್ರೀನ್ ರೀಡರು. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಬರೆಯತೊಡಗಿದರು. ಜೇಮ್ಸ್ ಟೆ ಎಂಬ ಇನ್ನೊಬ್ಬ ಅಂಧ ಗೆಳೆಯರು ಜತೆಗೂಡಿದರು. ಅದುವರೆಗಿನ ಒಳ್ಳೆಯ ಓದುಗಗಳ ಬೆಲೆ ಎಷ್ಟೋ ಕಡೆ ಕಂಪ್ಯೂಟರಿನ ಬೆಲೆಯನ್ನೇ ಮೀರುತ್ತಿತ್ತು. ಕಣ್ಣುಳ್ಳವನು ತೆರೆಯನ್ನು ನೋಡಲು ಪ್ರತ್ಯೇಕ ಹಣ ಕೊಡುವುದಿಲ್ಲವಲ್ಲ, ನಾವೇಕೆ ಕೊಡಬೇಕು ಎಂಬುದು ಇಂಥವರ ನ್ಯಾಯವಾದ ವಾದ. ಎನ್‌ವಿಡಿಎ ಉಚಿತ. ಅದರೊಡನೆ ಬರುವ 'ಈ-ಸ್ಪೀಕ್' ಎಂಬ ಧ್ವನಿಗೆ ಕನ್ನಡವೂ ಬರುತ್ತದೆ. ಗಮಕಿಗಳ ಕಂಠವನ್ನು ಅಲ್ಲಿ ನಿರೀಕ್ಷಿಸಬಾರದು. ಮೂಗಿನಲ್ಲಿ ಮಾತಾಡುವ ತಗಡಿನ ಬೊಂಬೆಯ ಕನ್ನಡ ಅದು. ಅದನ್ನೂ ಅವನು ಎಷ್ಟು ವೇಗದಲ್ಲಿ ಓದಿಸುತ್ತಿದ್ದನೆಂದರೆ ನನಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳಿಸಿತು. ಅವನಿಗೆ ಪ್ರತಿ ಪದವೂ ಸ್ಪಷ್ಟ.

ನನ್ನ ಬೆರಳುಗಳನ್ನು ಹಿಡಿದು ಕೀಲಿಮಣೆಯ ಮೇಲಿಟ್ಟ. "ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಇದೆ, ನೋಡಿ ಸಾರ್." ಎಷ್ಟೋ ವರ್ಷದಿಂದ ಟೈಪು ಮಾಡುತ್ತಿದ್ದರೂ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಎರಡು ತೋರುಬೆರಳು ಅಲ್ಲಿ ನೆಲೆ ನಿಂತರೆ ಉಳಿದ ಕೀಲಿಗಳೆಲ್ಲ ಊರಿನ ಬೀದಿಗಳ ಹಾಗೆ ತಾವಾಗಿ ತಿಳಿಯುತ್ತವೆ. ಇನ್ಸರ್ಟ್ ಹಿಡಿದು ಕೆಳಬಾಣ ಒತ್ತಿದ, ಓದು ಮೊದಲಾಯಿತು. ಕಂಟ್ರೋಲ್ ಒತ್ತಿದ, ತಟ್ಟನೆ ನಿಂತಿತು. ಎಡಬಲದ ಬಾಣಗಳಿಗೆ ಒಂದೊಂದು ಅಕ್ಷರ, ಕಂಟ್ರೋಲ್ ಸೇರಿಸಿದರೆ ಒಂದೊಂದು ಪದ. ಇನ್ಸರ್ಟ್ ಜತೆ ಟಿ ಒತ್ತಿದರೆ ಎದುರಿಗಿರುವ ಕಿಟಕಿಯ ಶೀರ್ಷಿಕೆ, ಎಫ್ 12 ಒತ್ತಿದರೆ ಗಂಟೆ ಎಷ್ಟೆಂದು ಹೇಳುತ್ತದೆ. ನನ್ನ ಮನಸ್ಸಿಗೆ ಹಿಡಿದದ್ದು ಇನ್ಸರ್ಟ್ ಜತೆ 1. ಅದನ್ನೊತ್ತಿದ ಮೇಲೆ ಯಾವ ಕೀಲಿ ಮುಟ್ಟಿದರೂ ಅದು ಕೆಲಸ ಮಾಡದೆ, ತಾನಾರು, ತನ್ನಿಂದೇನಾಗುತ್ತದೆ ಎಂದಷ್ಟೇ ಹೇಳುತ್ತದೆ. ಕಲಿಯುವವನು ಹೆದರದೆ ತಡಕಾಡಬಹುದು. ಮೇಷ್ಟರಾದವರಿಗೆ ಇದಕ್ಕಿಂತ ಒಳ್ಳೆಯ ಪಾಠಕ್ರಮ ಹೊಳೆಯಲಾರದು.

ಅಂತರ್ಜಾಲದ ಪುಟದೊಳಕ್ಕೆ ಹೋದ ಮೇಲೆ ಇನ್ಸರ್ಟ್ ಕೂಡ ಬೇಡ. ಬರಿಯ ಎಚ್ ಒತ್ತಿದರೆ ಮುಂದಿನ ತಲೆಬರಹ, ಕೆ ಒತ್ತಿದರೆ ಮುಂದಿನ ಕೊಂಡಿ, ಟಿ ಒತ್ತಿದರೆ ಕೋಷ್ಟಕ. ಷಿಫ್ಟ್ ಸೇರಿಸಿದರೆ ಹಿಂದಕ್ಕೆ. ಇನ್ಸರ್ಟ್ ಜತೆ ಎಫ್ 7 ಒತ್ತಿದರೆ ಪುಟದ ಕೊಂಡಿಗಳೂ ತಲೆಬರಹಗಳೂ ಪರಿವಿಡಿಯಾಗಿ ಬಂದು ನಿಲ್ಲುತ್ತವೆ. ಕಣ್ಣು ಪುಟದ ಮೇಲೆ ಹಾರಾಡಿ ಆರಿಸುತ್ತದೆ ಎಂದೆನಲ್ಲ, ಆ ಹಾರಾಟವೇ ಇದು. ಆದರೆ ಆ ಪುಟದಲ್ಲಿ ಹೆಸರು ತುಂಬುವ ಖಾಲಿ ಜಾಗ ಸಿಕ್ಕಿತೆನ್ನಿ. ಅಲ್ಲಿ ಎಚ್ ಒತ್ತಿದರೆ ಅದು ಅಕ್ಷರವೋ ಆಜ್ಞೆಯೋ? ಅದಕ್ಕಾಗಿ ಎರಡು ಸ್ಥಿತಿಗಳಿವೆ, ಓದುವ ಸ್ಥಿತಿ ಮತ್ತು ತುಂಬುವ ಸ್ಥಿತಿ. ಬದಲಾಗುವಾಗಲೆಲ್ಲ ಒಂದು ಸಣ್ಣ ಸದ್ದು. ನಮ್ಮ 'ಅರಿ' ಎಂಬ ಪದ ಒಂದು ಕಡೆ ಶತ್ರು, ಇನ್ನೊಂದು ಕಡೆ ತಿಳಿ ಎಂಬ ಕ್ರಿಯೆ, ಸಂದರ್ಭ ಹೇಳಬೇಕು. ಇಲ್ಲಿ ಸಂದರ್ಭವನ್ನು ಸದ್ದು ಹೇಳುತ್ತದೆ.

ಈ ಹಾರಾಟವೆಲ್ಲ ನಡೆಯುವುದು ಪುಟ ಬರೆದವರು ತಲೆಬರಹವನ್ನು ತಲೆಬರಹವೆಂದು ಗುರುತು ಮಾಡಿದ್ದರೆ ಮಾತ್ರ. ಅಕ್ಷರ ದಪ್ಪ ಮಾಡಿ ಬಿಟ್ಟರೆ ಕಣ್ಣಿಗೆ ಸಾಕು. ಎಚ್ ಕೀಲಿಗೆ ಸಾಲದು. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ಅದರಲ್ಲೇನಿದೆಯೆಂದು ಕಿವಿಗೆ ತಿಳಿಯದು. ಇದಕ್ಕೆಲ್ಲ 1999ರಲ್ಲಿಯೇ ಅಂತರರಾಷ್ಟ್ರೀಯ ನಿಯಮಾವಳಿ ಬಂದಿದೆ, ಪಾಲಿಸದವರು ಬಹಳ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲವೆಂಬುದು ಅಂದೇ ಗೊತ್ತಾಯಿತು.

ಶಿಷ್ಯ ಬಂದದ್ದು ಕೇಶಿರಾಜನ ಶಬ್ದಮಣಿದರ್ಪಣದ ಮೇಲೆ ನಾನು 2007ರಲ್ಲಿ ಸಿದ್ಧಪಡಿಸಿದ್ದ ಟಿಪ್ಪಣಿಗಳಿಗಾಗಿ. ಸುಮಾರು ನೂರು ಪುಟ. ಎರಡು ಬೇಸಿಗೆ ರಜೆ ಕುಳಿತು ನಾನೇ ಟೈಪು ಮಾಡಿದ್ದು. ಹೆಮ್ಮೆಯಿಂದಲೇ ಕೊಟ್ಟೆ. ಅವನು ಕಡತ ತೆರೆದು ಇನ್ಸರ್ಟ್ ಹಿಡಿದು ಕೆಳಬಾಣ ಒತ್ತಿದ. ಆ ಧ್ವನಿ ಏನೇನೋ ಗೊಣಗಿತು. ಒಂದು ಪದದ ಮೇಲೆ ನಿಲ್ಲಿಸಿ ಅಕ್ಷರ ಅಕ್ಷರವಾಗಿ ಬಿಡಿಸಿದ. ಅದು 'ಕನ್ನಡ' ಎಂಬ ಪದ. ನನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತಿದೆ. ಯಂತ್ರ ಹೇಳಿತು: ಪಿ, ಅದರ ಮೇಲೊಂದು ಗೀಟಿನ ಎ, ಪೌಂಡ್... ನನ್ನ ಕನ್ನಡದ ನಡುವೆ ಇಂಗ್ಲೆಂಡಿನ ನಾಣ್ಯ!

"ಸಾರ್, ಇದರಲ್ಲಿ ಕನ್ನಡವೇ ಇಲ್ಲ" ಎಂದ ಮೆಲ್ಲಗೆ.

ಆದದ್ದಿಷ್ಟು. ಹಿಂದಿನ ದಿನಗಳ ಕನ್ನಡ ಅಕ್ಷರವಿನ್ಯಾಸಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತಗಳಿಗೆ ಕನ್ನಡ ಅಕ್ಷರದ ತುಂಡುಗಳ ವೇಷ ಹಾಕಿ ನಿಲ್ಲಿಸುತ್ತಿದ್ದವು. ಪೌಂಡಿನ ಗುರುತಿಗೆ ನಕಾರದ ವೇಷ. ಕಾಗದದ ಮೇಲೆ ಅಚ್ಚು ಹಾಕುವವರೆಗೆ ಯಾರಿಗೂ ತೊಂದರೆಯಿಲ್ಲ. ಕಿವಿಗೆ ವೇಷ ಕಾಣುವುದಿಲ್ಲ, ವೇಷಧಾರಿಯೇ ಕಾಣುತ್ತಾನೆ. ಇದಕ್ಕೆ ಮದ್ದು 1991ರಿಂದಲೇ ಇತ್ತು: ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸ್ಥಾನಗಳಿವೆ. ವಿಪರ್ಯಾಸವೆಂದರೆ ಬೆರಳಿಗೆ ಎರಡೂ ಒಂದೇ. ಕೆ. ಪಿ. ರಾವ್ ಅವರು ಧ್ವನಿಯನ್ನು ಅನುಸರಿಸಿ ರೂಪಿಸಿದ ಕೀಲಿವಿನ್ಯಾಸದಲ್ಲಿಯೇ ನಾನು ಬರೆದದ್ದು. ಕ ಎಂದರೆ ಕೆ ಕೀಲಿ, ಒತ್ತಕ್ಷರಕ್ಕೆ ಮುಂಚೆ ಎಫ್ ಕೀಲಿ – ಅದೇ ಉಬ್ಬಿರುವ ಕೀಲಿ. ಬೆರಳು ಸರಿಯಾಗಿಯೇ ಹೇಳಿತ್ತು. ಒಳಗೆ ಕುಳಿತವನು ಆಕಾರವನ್ನು ಬರೆದುಕೊಂಡಿದ್ದ, ಧ್ವನಿಯನ್ನಲ್ಲ.

ಯೂನಿಕೋಡ್ ಧ್ವನಿಯನ್ನು ಬರೆದುಕೊಳ್ಳುತ್ತದೆ. ಪಂಡಿತನಾದ ನನಗೆ ಇದು ಬಹಳ ರುಚಿಸಿತು. 'ಸೂರ್ಯ' ಎಂಬ ಪದವನ್ನು ನೋಡಿ: ಕಣ್ಣಿಗೆ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಕಿವಿಗೆ ರಕಾರವೇ ಮೊದಲು. ಯೂನಿಕೋಡು ರ, ಹಲಂತ, ಯ ಎಂದು ಕಿವಿಯ ಕ್ರಮವನ್ನೇ ಹಿಡಿದಿದೆ. 'ಕ್ಷ' ಎಂದರೆ ಕ, ಹಲಂತ, ಷ. ನಾವು ಎಂಟನೆಯ ತರಗತಿಯಲ್ಲಿ ಸಂಯುಕ್ತಾಕ್ಷರ ಬಿಡಿಸಿ ತೋರಿಸುವ ಹಾಗೆಯೇ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ವ್ಯಾಕರಣವನ್ನು ಲಿಪಿಯಿಂದ ಆರಂಭಿಸದೆ, ಉಸಿರಿನ ಬಲದಿಂದ ಒಳಗಿನಿಂದ ಎದ್ದು ಬರುವ ಧ್ವನಿಯಿಂದ ಆರಂಭಿಸಿದವನು. ಅವನ ಮೇಲಿನ ಟಿಪ್ಪಣಿಯನ್ನೇ ಅವನ ಶಿಷ್ಯರ ಶಿಷ್ಯನಾದ ನಾನು ಧ್ವನಿಯಿಲ್ಲದೆ ಬರೆದಿಟ್ಟಿದ್ದೆ.

ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಶಿಷ್ಯನ ಬಳಿಯೇ ಒಂದಿತ್ತು. ಅವು ಅಲ್ಲಲ್ಲಿ ಎಡವುತ್ತವೆ. ಹಾಗಾಗಿ ಪರಿವರ್ತಿಸಿದ್ದನ್ನು ಸಾಲುಸಾಲಾಗಿ ನೋಡಬೇಕು. ಹತ್ತು ಸಂಜೆ ನಾವಿಬ್ಬರೂ ಕುಳಿತೆವು, ನಾನು ಕನ್ನಡಕ ಹಾಕಿಕೊಂಡು ಹಳೆಯ ಅಚ್ಚುಪ್ರತಿ ಹಿಡಿದು, ಅವನು ಬೆರಳುಗಳನ್ನು ಬಾಣದ ಕೀಲಿಗಳ ಮೇಲಿಟ್ಟು. ಆರನೆಯ ಸಂಜೆಯಿರಬೇಕು, ಒಂದು ಉಪಶೀರ್ಷಿಕೆಯ ಬಳಿ ಅವನು ತಡೆದ. ಬಲಬಾಣವನ್ನು ಒಂದೊಂದಾಗಿ ಒತ್ತಿದ: ಶ, ಬ, ಹಲಂತ, ಧ. ಇನ್ನೊಮ್ಮೆ ಒತ್ತಿ ಕೇಳಿದ.

"ಶಬ್ದಕ್ಕೆ ಮಹಾಪ್ರಾಣ ಬಂದಿದೆ ಸಾರ್. ಪರಿವರ್ತಕದ ತಪ್ಪಿರಬೇಕು" ಎಂದ.

ನಾನು ಅಚ್ಚುಪ್ರತಿಯ ಆ ಪುಟ ತಿರುಗಿಸಿ ನೋಡಿದೆ. 2007ರಿಂದ ವರ್ಷವರ್ಷವೂ ತರಗತಿಯಲ್ಲಿ ಎತ್ತಿ ಹಿಡಿದು ಓದಿದ ಪುಟ. ಅದರಲ್ಲಿಯೂ 'ಶಬ್ಧ' ಎಂದೇ ಇತ್ತು.